ಆಸ್ಪತ್ರೆಯ ಕೆಲಸದಲ್ಲಿ ಮನಸ್ಸು ನಿಲ್ಲುವುದು ಯಾವುದರಿಂದ?

ಪ್ರಶ್ನೆ: ನಾನು ಮಧ್ಯಮ ಗಾತ್ರದ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಮೇಲ್ವಿಚಾರಕಿ. ನನ್ನ ಕೈಕೆಳಗೆ ನಲವತ್ತು ಜನ ಇದ್ದಾರೆ. ಯಾರೂ ಕೆಲಸ ಬಿಡುತ್ತಿಲ್ಲ, ದೂರನ್ನೂ ಹೇಳುತ್ತಿಲ್ಲ. ಆದರೆ ಮೂರು ವರ್ಷದ ಹಿಂದೆ ಹುಮ್ಮಸ್ಸಿನಿಂದ ಸೇರಿದವರೇ ಈಗ ಯಂತ್ರದ ಹಾಗೆ ಬಂದು ಹೋಗುತ್ತಾರೆ. ಒತ್ತಡ ನಿಭಾಯಿಸುವ ತರಬೇತಿ ಕೊಡಿಸಿದೆವು, ‘ತಿಂಗಳ ಅತ್ಯುತ್ತಮ ಸಿಬ್ಬಂದಿ’ ಪ್ರಶಸ್ತಿ ಶುರು ಮಾಡಿದೆವು. ಏನೂ ಬದಲಾಗಲಿಲ್ಲ. ಈಗಿನವರಲ್ಲಿ ಸೇವಾ ಮನೋಭಾವವೇ ಕಡಿಮೆಯೋ, ಅಥವಾ ನಾವೇ ಎಲ್ಲೋ ಎಡವುತ್ತಿದ್ದೇವೋ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಕಣ್ಣು ನಿಂತದ್ದು ಒಂದೇ ಮಾತಿನ ಮೇಲೆ: ಯಾರೂ ದೂರು ಹೇಳುತ್ತಿಲ್ಲ. ನನಗೆ ಹೆಚ್ಚು ಕಳವಳ ತಂದದ್ದು ಅದೇ. ಗ್ಲೌಸ್ ಖಾಲಿಯಾಗಿದೆ, ರಾತ್ರಿ ಪಾಳಿಗೆ ಜನ ಸಾಲುತ್ತಿಲ್ಲ, ಡಾಕ್ಟರು ಆರ್ಡರ್ ಬರೆಯದೆ ಹೊರಟುಹೋದರು ಎಂದು ಜಗಳಕ್ಕೆ ಬರುವ ನರ್ಸ್‌ಗೆ ಆ ವಾರ್ಡು ಇನ್ನೂ ತನ್ನದು ಅನ್ನಿಸುತ್ತಿರುತ್ತದೆ. ಹೇಳಿ ಏನು ಪ್ರಯೋಜನ ಎಂದು ಒಳಗೊಳಗೇ ತೀರ್ಮಾನಿಸಿಕೊಂಡವರು ಸುಮ್ಮನಾಗುತ್ತಾರೆ.

ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ನರ್ಸಿಂಗ್ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬೆನ್ನು ಹತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಎಂಬುದು ಅವರ ಎಣಿಕೆ. ಸಿಕ್ಕಿದ್ದು ತದ್ವಿರುದ್ಧ. ಒಳ್ಳೆಯ ನಾಯಕತ್ವ ಇದ್ದ ತಂಡಗಳಲ್ಲೇ ಬೆಳಕಿಗೆ ಬಂದ ತಪ್ಪುಗಳು ಹೆಚ್ಚು. ಆ ತಂಡಗಳಲ್ಲಿ ಕೆಲಸ ಕೆಟ್ಟಿತ್ತು ಎಂದು ಅದರ ಅರ್ಥವಲ್ಲ. ಆದ ತಪ್ಪನ್ನು ಬಾಯಿಬಿಟ್ಟು ಹೇಳಲು ಅಲ್ಲಿ ಹೆದರಿಕೆ ಇರಲಿಲ್ಲ ಎಂದು ಅವರು ಅರ್ಥಮಾಡಿಕೊಂಡರು. ನಿಮ್ಮ ವಾರ್ಡಿನ ಮೌನವನ್ನು ಈ ಬೆಳಕಿನಲ್ಲಿ ನೋಡಿ. ಅದನ್ನು ತೃಪ್ತಿ ಎಂದು ಓದಿಕೊಳ್ಳಬೇಡಿ.

ಸೇವಾ ಮನೋಭಾವದ ಮಾತಿಗೆ ಬರುತ್ತೇನೆ. ಅದು ಬತ್ತಿಹೋಗಿದೆ ಎಂಬುದನ್ನು ನಾನು ನಂಬುವುದಿಲ್ಲ. ಹೀಗೆ ಹೇಳಲು ನನಗೆ ಧೈರ್ಯ ಕೊಟ್ಟ ಒಂದು ಸಣ್ಣ ಪ್ರಯೋಗವಿದೆ. ಆ್ಯಡಮ್ ಗ್ರಾಂಟ್ ಮತ್ತು ಡೇವಿಡ್ ಹಾಫ್‌ಮನ್ ಆಸ್ಪತ್ರೆಯೊಂದರ ಕೈತೊಳೆಯುವ ಜಾಗಗಳಲ್ಲಿ ಬೇರೆ ಬೇರೆ ಫಲಕ ಹಾಕಿಸಿದರು. ಒಂದರಲ್ಲಿ, ಕೈ ತೊಳೆದರೆ ನಿಮಗೆ ರೋಗ ತಗಲುವುದು ತಪ್ಪುತ್ತದೆ ಎಂದಿತ್ತು. ಇನ್ನೊಂದರಲ್ಲಿ ‘ನಿಮಗೆ’ ಎಂಬ ಜಾಗದಲ್ಲಿ ‘ರೋಗಿಗಳಿಗೆ’ ಎಂದಿತ್ತು. ವ್ಯತ್ಯಾಸ ಅಷ್ಟೇ, ಒಂದು ಪದ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೋಪು, ಸ್ಯಾನಿಟೈಸರ್ ಹೆಚ್ಚು ಖರ್ಚಾದದ್ದು ರೋಗಿಯ ಹೆಸರು ಹೇಳಿದ ಫಲಕದ ಕೆಳಗೆ. ತನಗೆ ಒಳ್ಳೆಯದು ಎಂದಾಗ ಅಲ್ಲಾಡದ ಕೈ, ರೋಗಿಗೆ ಒಳ್ಳೆಯದು ಎಂದಾಗ ನಲ್ಲಿಯತ್ತ ಹೋಯಿತು. ವರ್ಷಗಟ್ಟಲೆ ಅದೇ ಕಾರಿಡಾರಿನಲ್ಲಿ ಓಡಾಡಿ ದಣಿದ ಜನರೇ ಅವರೂ. ಮನೋಭಾವ ಅಲ್ಲೇ ಇತ್ತು, ಅದಕ್ಕೆ ದಾರಿ ಬೇಕಿತ್ತು.

ಹಾಗಾದರೆ ನಿಮ್ಮ ಹುಡುಗಿಯರಿಗೆ ಆದದ್ದೇನು? ನಾನು ಕಂಡಂತೆ ಆರೋಗ್ಯ ಸೇವೆಯಲ್ಲಿರುವವರ ಮನಸ್ಸನ್ನು ಕೆಲಸದಲ್ಲಿ ಹಿಡಿದಿಡುವುದು ಎರಡು ಸಂಗತಿ. ತಾನು ಮಾಡಬೇಕೆಂದು ಬಂದ ಕೆಲಸವನ್ನು ಸರಿಯಾಗಿ ಮಾಡಲು ಸಾಧ್ಯವಾಗಬೇಕು. ಮಾಡಿದ್ದರಿಂದ ಏನಾಯಿತು ಎಂಬುದು ಕಣ್ಣಿಗೆ ಬೀಳಬೇಕು. ಸಂಬಳ, ರಜೆ, ಗೌರವ ಎಲ್ಲ ಬೇಕು, ಅವಿಲ್ಲದೆ ಮನುಷ್ಯ ನಿಲ್ಲುವುದಿಲ್ಲ. ಆದರೆ ಅವೆಲ್ಲ ಇದ್ದೂ ಈ ಎರಡು ಇಲ್ಲದಿದ್ದರೆ ಜನ ಉಳಿಯುತ್ತಾರೆ, ಅವರ ಮನಸ್ಸು ಉಳಿಯುವುದಿಲ್ಲ. ನೀವು ವಿವರಿಸಿದ್ದು ಅದನ್ನೇ.

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅದರ ಬಗ್ಗೆ ಯೋಚಿಸುವವರು ಕಡಿಮೆ. ಕೆಲವು ವರ್ಷಗಳ ಹಿಂದೆ ಒಂದು ತುರ್ತು ಚಿಕಿತ್ಸಾ ವಿಭಾಗದಲ್ಲಿ, ರಾತ್ರಿ ಪಾಳಿ ಮುಗಿಯುವ ಹೊತ್ತಿನಲ್ಲಿ, ನರ್ಸ್ ಒಬ್ಬರ ಜೊತೆ ಕುಳಿತಿದ್ದೆ. ಮೂರು ಗಂಟೆಯ ಸುಮಾರಿಗೆ ಅವರು ಎದೆಯೊತ್ತಿ ಉಳಿಸಿದ ಒಬ್ಬ ವ್ಯಕ್ತಿಯನ್ನು ಐಸಿಯುಗೆ ಸಾಗಿಸಿದ್ದರು. ಟ್ರಾಲಿ ಲಿಫ್ಟಿನೊಳಗೆ ಹೋಯಿತು, ಬಾಗಿಲು ಮುಚ್ಚಿತು, ಅವರು ವಾಪಸ್ ಬಂದು ಖಾಲಿ ಬೆಡ್ಡಿನ ಕೆಳಗೆ ಬಿದ್ದಿದ್ದ ಸಿರಿಂಜ್ ಕವರುಗಳನ್ನು ಹೆಕ್ಕಿ ಹಾಳೆ ಬದಲಾಯಿಸಿದರು. ನೀವು ಉಳಿಸಿದವರಲ್ಲಿ ಆಮೇಲೆ ಏನಾಯಿತೆಂದು ನಿಮಗೆ ಗೊತ್ತಿರುವ ಕೊನೆಯ ರೋಗಿ ಯಾರು ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿದರು. ಯಾರೂ ನೆನಪಾಗಲಿಲ್ಲ. ಪೂರ್ತಿ ಗೊತ್ತಿದ್ದದ್ದು ತಮ್ಮ ಕಣ್ಣೆದುರೇ ತೀರಿಕೊಂಡವರದು ಮಾತ್ರ.

ಆ ಉತ್ತರ ಇಂದಿಗೂ ನನ್ನನ್ನು ಬಿಟ್ಟಿಲ್ಲ. ತುರ್ತು ವಿಭಾಗದಲ್ಲಿ ಸಾವು ಮಾತ್ರ ಕೊನೆಯವರೆಗೆ ಕಾಣುತ್ತದೆ. ಬದುಕಿದವರು ಇನ್ನೊಂದು ಬಾಗಿಲಿನಿಂದ, ಇನ್ನೊಂದು ವಾರ್ಡಿನಿಂದ, ಇನ್ನೊಬ್ಬರ ಕೈಯಿಂದ ಡಿಸ್ಚಾರ್ಜ್ ಆಗಿ ಮನೆಗೆ ಹೋಗುತ್ತಾರೆ. ಹೀಗಾಗಿ ನೂರು ಜೀವ ಉಳಿಸಿದವರ ನೆನಪಿನ ಪುಸ್ತಕದಲ್ಲೂ ಸಾವಿನ ಲೆಕ್ಕವೇ ತುಂಬಿರುತ್ತದೆ. ಹತ್ತು ವರ್ಷ ಅಂಥ ಲೆಕ್ಕ ಬರೆದವರು ಕಲ್ಲಾದರೆ ಯಾರನ್ನು ದೂಷಿಸೋಣ?

ಲ್ಯಾಬಿನವರ ಪಾಡು ಇನ್ನೂ ಒಂಟಿ. ರಾತ್ರಿ ಎರಡು ಗಂಟೆಗೆ ಒಂದು ರಕ್ತದ ಸ್ಮಿಯರ್ (ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡುತ್ತಾ ಕಣಗಳ ಆಕಾರ ಸರಿಯಿಲ್ಲ ಅನ್ನಿಸಿ, ಬೆಳಗಿನವರೆಗೆ ಕಾಯದೆ ವಾರ್ಡಿಗೆ ಫೋನ್ ಮಾಡುವ ಟೆಕ್ನೀಷಿಯನ್ ಇರುತ್ತಾಳೆ. ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಆ ಕೆಲವು ಗಂಟೆಗಳೇ ರಕ್ತಸ್ರಾವದ ಸಾವಿಗೂ ಚಿಕಿತ್ಸೆಗೂ ನಡುವಿನ ಅಂತರ. ಫೋನ್ ಇಟ್ಟ ಮೇಲೆ ಅವಳ ಪಾಲಿಗೆ ಆ ರೋಗಿ ಮತ್ತೆ ಒಂದು ಬಾರ್‌ಕೋಡ್. ಗುಣವಾಗಿ ಹೊರಟರೂ ಅವಳಿಗೆ ಹೇಳುವವರಿಲ್ಲ.

ನಾನು ಹೇಳಿದ ತುರ್ತು ವಿಭಾಗದಲ್ಲಿ ಮುಂದೆ ಮಾಡಿದ ಬದಲಾವಣೆ ಬಹಳ ಚಿಕ್ಕದು. ವಾರದಲ್ಲಿ ಒಂದು ದಿನ, ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್ ಮುಗಿದ ಮೇಲೆ, ತಾವು ಮೇಲಕ್ಕೆ ಕಳಿಸಿದ ಇಬ್ಬರು ರೋಗಿಗಳಿಗೆ ಆಮೇಲೆ ಏನಾಯಿತು ಎಂದು ಹಿರಿಯ ನರ್ಸ್ ಎರಡು ನಿಮಿಷ ಹೇಳುತ್ತಿದ್ದರು. ಚಿಕಿತ್ಸೆ ಕೊಟ್ಟ ತಂಡದೊಳಗೆ ಮಾತ್ರ, ಗೋಡೆಯ ಮೇಲೆ ಹೆಸರು ಬರೆಯದೆ. ರೋಗಿಯ ಖಾಸಗಿತನ ಇಲ್ಲಿ ರಾಜಿಯಾಗುವ ಸಂಗತಿಯಲ್ಲ. ಮೊದಲ ಕೆಲವು ವಾರ ಜನ ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತು ಕೇಳಿದರು. ಆಮೇಲೆ ಅವರೇ ಕೇಳತೊಡಗಿದರು: ಆ ಸುಟ್ಟಗಾಯದ ಮಗು ಹೇಗಿದೆ? ಆ ಅಜ್ಜನಿಗೆ ಮಾತು ಬಂತಾ? ಬಂದ ಸುದ್ದಿಯೆಲ್ಲ ಒಳ್ಳೆಯದೇ ಆಗಿರಲಿಲ್ಲ. ಕೆಟ್ಟ ಸುದ್ದಿಯನ್ನೂ ಅವರು ತಿಳಿಯಲು ಬಯಸಿದರು. ತಮ್ಮ ಕೆಲಸಕ್ಕೆ ಒಂದು ಮುಂದುವರಿಕೆ ಇದೆ ಎಂಬುದೇ ಅವರಿಗೆ ಬೇಕಾಗಿತ್ತು.

ಇನ್ನು ಕೆಲಸವನ್ನು ಸರಿಯಾಗಿ ಮಾಡಲು ಸಾಧ್ಯವಾಗುವ ಮಾತು. ಇಲ್ಲಿ ಹಳೆಯದೊಂದು ಅಧ್ಯಯನ ನನಗೆ ತುಂಬ ಮುಖ್ಯ. ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ನರ್ಸಿಂಗ್ ವ್ಯವಸ್ಥೆಯನ್ನು ನೋಡಿದರು. ಅಲ್ಲಿ ಒಬ್ಬ ನರ್ಸ್‌ಗೆ ಇಂತಿಷ್ಟು ರೋಗಿಗಳು ಎಂದಿರಲಿಲ್ಲ. ಒಬ್ಬಳು ಇಡೀ ವಾರ್ಡಿನ ಹಾಸಿಗೆ ಸರಿಮಾಡುವುದು, ಇನ್ನೊಬ್ಬಳು ಎಲ್ಲರ ಟೆಂಪರೇಚರ್ ನೋಡುವುದು ಹೀಗೆ. ರೋಗಿಗೆ ಹೆಸರಿನ ಬದಲು ಹತ್ತನೇ ಬೆಡ್ಡಿನ ಲಿವರ್ ಎಂಬಂಥ ಗುರುತು. ನೋವು, ಸಾವುಗಳ ಹತ್ತಿರ ಹೋಗುವ ಆತಂಕದಿಂದ ನರ್ಸ್‌ಗಳನ್ನು ಕಾಪಾಡಲು ಆಸ್ಪತ್ರೆ ತನಗೇ ಅರಿವಿಲ್ಲದೆ ಕಟ್ಟಿಕೊಂಡ ಗೋಡೆಗಳಿವು ಎಂದರು ಮೆಂಜೀಸ್. ಗೋಡೆ ಆತಂಕವನ್ನು ತಡೆಯಲಿಲ್ಲ, ತೃಪ್ತಿಯನ್ನು ಮಾತ್ರ ತಡೆಯಿತು. ಹೆಚ್ಚು ಕಾಳಜಿ ಇದ್ದ ವಿದ್ಯಾರ್ಥಿನಿಯರು ತರಬೇತಿಯನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ದಶಕಗಳ ನಂತರವೂ ಎಷ್ಟೋ ವಾರ್ಡುಗಳಲ್ಲಿ ಕೆಲಸ ಹಂಚುವ ಕ್ರಮ ಅದೇ. ನಿಮ್ಮಲ್ಲಿ ಹೇಗಿದೆ? ಒಂದು ಪಾಳಿಯಲ್ಲಿ ಒಬ್ಬ ನರ್ಸ್‌ಗೆ ‘ಇವರು ನನ್ನ ರೋಗಿಗಳು’ ಎಂದು ಹೇಳಲು ಆಗುತ್ತದೆಯೇ? ನಾಳೆ ಬಂದಾಗ ಅದೇ ರೋಗಿಗಳು ಅವಳ ಕೈಗೆ ಸಿಗುತ್ತಾರೆಯೇ? ಪಾಳಿ ಪಟ್ಟಿ ಬರೆಯುವಾಗ ಇದೊಂದನ್ನು ನೋಡಿಕೊಂಡರೂ ಬಹಳ ಬದಲಾಗುತ್ತದೆ.

ಕೆಲಸ ಮಾಡಲು ಬಿಡದ ಇನ್ನೊಂದು ಅಡ್ಡಿ ಕಾಗದಪತ್ರ ಮತ್ತು ಕಂಪ್ಯೂಟರು. ಹವಾಯಿಯ ಒಂದು ಆಸ್ಪತ್ರೆ ಸಮೂಹದಲ್ಲಿ ಡಾಕ್ಟರ್ ಮೆಲಿಂಡಾ ಆ್ಯಶ್ಟನ್ ಮತ್ತು ಸಹೋದ್ಯೋಗಿಗಳು ಸಿಬ್ಬಂದಿಗೆ ನೇರವಾಗಿ ಕೇಳಿದರು: ದಾಖಲೆ ಬರೆಯುವುದರಲ್ಲಿ ನಿಮಗೆ ಅರ್ಥವಿಲ್ಲ ಅನ್ನಿಸುವುದು ಯಾವುದು, ಹೇಳಿ, ತೆಗೆದುಹಾಕೋಣ. 2018ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಒಂದು ಉದಾಹರಣೆ ಇದೆ. ಗಂಟೆಗೊಮ್ಮೆ ರೋಗಿಯನ್ನು ನೋಡಿ ಬಂದೆ ಎಂದು ನರ್ಸ್‌ಗಳು ಕಂಪ್ಯೂಟರಿನಲ್ಲಿ ಗುರುತು ಹಾಕಬೇಕಿತ್ತು. ಒಂದು ಸಲಕ್ಕೆ 24 ಸೆಕೆಂಡು. ಅಷ್ಟೇ ತಾನೇ ಅನ್ನಿಸುತ್ತದೆ. ನಾಲ್ಕು ಆಸ್ಪತ್ರೆಗಳ ಲೆಕ್ಕ ಕೂಡಿಸಿದಾಗ ತಿಂಗಳಿಗೆ ಸುಮಾರು 1,700 ನರ್ಸಿಂಗ್ ಗಂಟೆ ಅದಕ್ಕೇ ಹೋಗುತ್ತಿತ್ತು. ನೋಡಿ ಬರುವುದನ್ನು ಉಳಿಸಿಕೊಂಡು ಗುರುತು ಹಾಕುವುದನ್ನು ತೆಗೆದರು. ಉಳಿದ ಸಮಯಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು, ಕೇಳಿದ್ದಕ್ಕೆ ಉತ್ತರ ಬಂತು ಎಂಬುದು. ಮೌನವನ್ನು ಮುರಿಯುವುದು ಅದೇ.

ಎಲ್ಲ ಅಡ್ಡಿಯೂ ಹೀಗೆ ಸುಲಭವಾಗಿ ಸರಿಯುವುದಿಲ್ಲ ಎಂಬುದು ನನಗೂ ಗೊತ್ತು. ಆ್ಯಂಡ್ರೂ ಜೇಮ್ಟನ್ ಎಂಬ ನೀತಿಶಾಸ್ತ್ರಜ್ಞ 1984ರಲ್ಲಿ ನರ್ಸ್‌ಗಳ ಒಂದು ಸಂಕಟಕ್ಕೆ ‘ನೈತಿಕ ಯಾತನೆ’ ಎಂದು ಹೆಸರಿಟ್ಟರು. ಮಾಡಬೇಕಾದ್ದು ಏನೆಂದು ತಿಳಿದಿದೆ, ಆದರೆ ಸಂಸ್ಥೆಯ ಕಟ್ಟುಪಾಡು ಅದನ್ನು ಮಾಡಲು ಬಿಡುವುದಿಲ್ಲ. ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಎಂದು ಪ್ರತಿ ನರ್ಸ್‌ಗೂ ಗೊತ್ತು. ಒಬ್ಬಳೇ ಇದ್ದಾಗ ಹೊರಳಿಸಲು ಆಗುವುದಿಲ್ಲ. ನಾಲ್ಕನೇ ದಿನ ಬೆನ್ನಿನ ಮೇಲೆ ಕೆಂಪು ಕಾಣುತ್ತದೆ. ಅವಳು ಅದನ್ನು ಚಾರ್ಟಿನಲ್ಲಿ ಬರೆಯುತ್ತಾಳೆ, ಮನೆಗೆ ಹೋಗುತ್ತಾಳೆ, ನಿದ್ದೆ ಬರುವುದಿಲ್ಲ. ಇಂಥ ಹತ್ತಾರು ರಾತ್ರಿಗಳ ನಂತರ ಆ ಕೆಂಪನ್ನು ನೋಡಿದರೂ ಏನೂ ಅನ್ನಿಸದ ದಿನ ಬರುತ್ತದೆ. ಆ ದಿನವನ್ನೇ ನೀವು ‘ಯಂತ್ರದ ಹಾಗೆ’ ಎಂದು ಬರೆದಿದ್ದೀರಿ. ಅದು ಉದಾಸೀನವಲ್ಲ, ಗಾಯ ಒಣಗಿ ಕಟ್ಟಿದ ಹಕ್ಕಳೆ.

ಇಲ್ಲಿ ಸಿಬ್ಬಂದಿ ಎಷ್ಟಿದ್ದಾರೆ ಎಂಬ ಲೆಕ್ಕವನ್ನು ಮುಚ್ಚಿಟ್ಟು ಮಾತಾಡುವುದು ಅನ್ಯಾಯ. ಲಿಂಡಾ ಏಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಅಂಕಿಗಳು ಪ್ರತಿ ಆಡಳಿತಾಧಿಕಾರಿಯ ಮೇಜಿನ ಮೇಲೂ ಇರಬೇಕು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು, ನರ್ಸ್ ಬರ್ನ್‌ಔಟ್‌ಗೆ, ಅಂದರೆ ಕೆಲಸದ ಒತ್ತಡದಿಂದ ಮನಸ್ಸು ಬಸವಳಿದುಹೋಗುವ ಸ್ಥಿತಿಗೆ, ಒಳಗಾಗುವ ಸಂಭವ ಶೇ. 23ರಷ್ಟು ಏರುವುದು ಅಲ್ಲಿ ಕಂಡುಬಂತು. ನಿಮ್ಮ ವಾರ್ಡಿನಲ್ಲಿ ಜನ ಕಡಿಮೆಯಿದ್ದರೆ, ಕೆಳಗೆ ನಾನು ಹೇಳುವ ಯಾವುದೂ ಆ ಕೊರತೆಯನ್ನು ತುಂಬುವುದಿಲ್ಲ. ಮೊದಲು ಆ ಅಂಕಿ ಹಿಡಿದುಕೊಂಡು ಮೇಲಿನವರ ಬಾಗಿಲು ತಟ್ಟಿ.

ನೀವು ಕೊಡಿಸಿದ ಒತ್ತಡ ನಿರ್ವಹಣೆಯ ತರಬೇತಿ ಕೆಟ್ಟದ್ದಲ್ಲ, ಆದರೆ ಅದೊಂದನ್ನೇ ಕೊಟ್ಟಾಗ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ರೋಗ ಎಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಗುರುತಿಸಿತು. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದ ಫಲ ಎಂದಿತು. ಉಸಿರಾಟದ ವ್ಯಾಯಾಮ ಕಲಿಸಿ ಅದೇ ಪಾಳಿ ಪಟ್ಟಿಗೆ ವಾಪಸ್ ಕಳಿಸಿದರೆ, ತಪ್ಪು ನಿನ್ನೊಳಗಿದೆ ಎಂದು ಹೇಳಿದಂತೆ ಕೇಳಿಸುತ್ತದೆ. ತಿಂಗಳ ಪ್ರಶಸ್ತಿಯನ್ನು ನಿಲ್ಲಿಸಬಹುದು. ನಲವತ್ತು ಜನರಲ್ಲಿ ಒಬ್ಬರ ಫೋಟೊ ಗೋಡೆಗೇರಿದಾಗ, ಅದೇ ರಾತ್ರಿ ಅವರ ಪಕ್ಕದಲ್ಲಿ ನಿಂತು ದುಡಿದ ಮೂವರ ಮನಸ್ಸು ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇಲ್ಲಿ ಇನ್ನೊಂದು ವಿಚಾರ ಸ್ಪಷ್ಟವಾಗಲಿ. ದಣಿವು ಇಲ್ಲದಿದ್ದ ಮಾತ್ರಕ್ಕೆ ತೊಡಗಿಕೊಂಡಿದ್ದಾರೆ ಎಂದಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ವಿಲ್ಮಾರ್ ಶೌಫೆಲಿ ಮತ್ತು ಜೊತೆಯವರು ಈ ತೊಡಗಿಕೊಳ್ಳುವಿಕೆಯನ್ನು ಅಳೆಯಲು ಹೊರಟಾಗ ಹುಡುಕಿದ್ದು ಮೂರು ಲಕ್ಷಣ: ಕಸುವು, ಸಮರ್ಪಣೆ, ತಲ್ಲೀನತೆ. ನಿಮ್ಮವರು ಚೆನ್ನಾಗಿ ನಿದ್ದೆ ಮಾಡಿ, ರಜೆ ಮುಗಿಸಿ ಬಂದಾಗಲೂ ಹಾಗೇ ಇದ್ದರೆ ವಿಶ್ರಾಂತಿಯಿಂದ ಅದು ತುಂಬುವುದಿಲ್ಲ. ಅವರಿಗೆ ಅರ್ಥವುಳ್ಳದ್ದು ಅನ್ನಿಸುವ ಕೆಲಸವೇ ಕೈಗೆ ಸಿಗಬೇಕು.

ಎಷ್ಟು ಸಿಗಬೇಕು? ಅಚ್ಚರಿಯೆಂದರೆ ಬಹಳ ಬೇಕಿಲ್ಲ. ಟೇಟ್ ಶಾನಫೆಲ್ಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೋಧನಾ ಆಸ್ಪತ್ರೆಯ ವೈದ್ಯರಿಗೆ ಕೇಳಿದ್ದು, ನಿಮ್ಮ ಕೆಲಸದಲ್ಲಿ ನಿಮಗೆ ಹೆಚ್ಚು ಅರ್ಥವುಳ್ಳದ್ದು ಯಾವುದು, ಅದಕ್ಕೆ ಎಷ್ಟು ಸಮಯ ಸಿಗುತ್ತಿದೆ ಎಂದು. ತಮಗೆ ಪ್ರಿಯವಾದ ಕೆಲಸಕ್ಕೆ ಶೇ. 20ಕ್ಕಿಂತ ಕಡಿಮೆ ಸಮಯ ಸಿಗುತ್ತಿದ್ದವರಲ್ಲಿ ಶೇ. 54ರಷ್ಟು ಜನ ಬರ್ನ್‌ಔಟ್‌ನಲ್ಲಿದ್ದರು, ಅದಕ್ಕಿಂತ ಹೆಚ್ಚು ಸಿಗುತ್ತಿದ್ದವರಲ್ಲಿ ಶೇ. 30ರಷ್ಟು. ಶೇ. 20 ಎಂದರೆ ವಾರದಲ್ಲಿ ಸುಮಾರು ಒಂದು ದಿನ. ಆ ಪ್ರಿಯವಾದ ಕೆಲಸ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನೂ ಗಮನಿಸಿ. ಮೂರರಲ್ಲಿ ಇಬ್ಬರು ರೋಗಿಗಳ ಚಿಕಿತ್ಸೆ ಎಂದರು. ಉಳಿದವರಲ್ಲಿ ಕೆಲವರು ಸಂಶೋಧನೆ, ಕೆಲವರು ಪಾಠ ಹೇಳುವುದು ಎಂದರು. ನಿಮ್ಮ ನಲವತ್ತು ಜನರಲ್ಲೂ ಹಾಗೇ ಇರುತ್ತದೆ. ಒಬ್ಬಳಿಗೆ ಹೊಸಬರಿಗೆ ಐವಿ ಹಾಕುವುದನ್ನು ಕಲಿಸುವುದು ಖುಷಿ. ಇನ್ನೊಬ್ಬಳಿಗೆ ವಾಸಿಯಾಗದ ಗಾಯಗಳ ಡ್ರೆಸ್ಸಿಂಗ್. ಗಾಯದ ತಳ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಅವಳ ಸಂತೋಷ. ಮತ್ತೊಬ್ಬಳು ಸಾಯುತ್ತಿರುವವರ ಪಕ್ಕ ಕೂರಬಲ್ಲಳು, ಅದು ಎಲ್ಲರಿಗೂ ಆಗುವುದಿಲ್ಲ. ಯಾರು ಯಾರೆಂದು ನಿಮಗೆ ಗೊತ್ತಿದೆಯೇ?

ವೈದ್ಯರು, ನರ್ಸ್‌ಗಳಿಗಷ್ಟೇ ಈ ಮಾತು ಸೀಮಿತವಲ್ಲ. ಏಮಿ ರ್‍ಜೆಸ್ನೀವ್ಸ್ಕಿ ಮತ್ತು ಜೇನ್ ಡಟನ್ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯನ್ನು ಮಾತಾಡಿಸಿದಾಗ, ಒಂದೇ ಕೆಲಸ ಮಾಡುವವರಲ್ಲಿ ಎರಡು ಬಗೆಯವರು ಸಿಕ್ಕರು. ಕೆಲವರಿಗೆ ಅದು ನೆಲ ಒರೆಸುವ ಕೆಲಸ. ಕೆಲವರಿಗೆ ರೋಗಿಗಳನ್ನು ಗುಣಪಡಿಸುವುದರ ಒಂದು ಭಾಗ. ಎಚ್ಚರವಿಲ್ಲದೆ ಮಲಗಿದವರ ಕೋಣೆಗಳಲ್ಲಿ ಗೋಡೆಯ ಚಿತ್ರಗಳನ್ನು ಆಗಾಗ ಅದಲು ಬದಲು ಮಾಡುತ್ತಿದ್ದ ಒಬ್ಬ ಕೆಲಸಗಾರ್ತಿ ಇದ್ದಳು, ಆ ಬದಲಾವಣೆಯಿಂದ ಏನಾದರೂ ಒಳ್ಳೆಯದಾದೀತು ಎಂಬ ಆಸೆಯಿಂದ. ಯಾರೂ ಹೇಳಿದ್ದಲ್ಲ, ಕೆಲಸದ ಪಟ್ಟಿಯಲ್ಲಿ ಇದ್ದದ್ದೂ ಅಲ್ಲ. ಅಂಥವಳಿಗೆ ‘ಅದು ನಿನ್ನ ಕೆಲಸ ಅಲ್ಲ’ ಎಂದು ಒಮ್ಮೆ ಗದರಿದರೆ ಸಾಕು, ಮುಂದೆಂದೂ ಅವಳು ಚಿತ್ರ ಮುಟ್ಟುವುದಿಲ್ಲ, ನೆಲ ಮಾತ್ರ ಒರೆಸುತ್ತಾಳೆ. ನಾವು ಎಷ್ಟು ಸಲ ಹಾಗೆ ಗದರಿದ್ದೇವೆ ಎಂದು ಯೋಚಿಸಿದರೆ ನನಗೆ ಕಸಿವಿಸಿಯಾಗುತ್ತದೆ.

ಜೊತೆಗಾರರ ಮಾತೂ ಬೇಕು, ಆದರೆ ಡ್ಯೂಟಿ ಮುಗಿದ ಮೇಲೆ ಅಲ್ಲ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎರಡು ವಾರಕ್ಕೊಮ್ಮೆ ಒಂದು ಗಂಟೆ, ಒಂಬತ್ತು ತಿಂಗಳು, ವೈದ್ಯರ ಸಣ್ಣ ಗುಂಪುಗಳನ್ನು ಕೂರಿಸಿ ಕೆಲಸದ ಅನುಭವ ಹಂಚಿಕೊಳ್ಳಲು ಬಿಟ್ಟರು. ಆ ಗಂಟೆಗೆ ಸಂಸ್ಥೆಯೇ ಸಂಬಳ ಕೊಟ್ಟಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೆಲಸದಲ್ಲಿ ತೊಡಗಿಕೊಳ್ಳುವಿಕೆ ಹೆಚ್ಚಿತ್ತು, ರೋಗಿಗಳನ್ನು ವಸ್ತುವಿನಂತೆ ಕಾಣುವ ಜಡತೆ ಇಳಿದಿತ್ತು, ಒಂದು ವರ್ಷದ ನಂತರವೂ ಆ ಬದಲಾವಣೆ ನಿಂತಿತ್ತು. ನಿಮ್ಮಲ್ಲಿ ಒಂದು ಗಂಟೆ ಸಿಗದಿದ್ದರೆ ಅರ್ಧ ಗಂಟೆ ಇರಲಿ, ಆದರೆ ಪಾಳಿಯ ಒಳಗೇ ಇರಲಿ, ಆ ಹೊತ್ತಿಗೆ ವಾರ್ಡು ನೋಡಿಕೊಳ್ಳಲು ಬೇರೆಯವರು ಇರಲಿ. ಬೆಲ್ ಹೊಡೆದಾಗಲೆಲ್ಲ ಎದ್ದು ಓಡಬೇಕಾದ ಕಡೆ ಯಾರೂ ಮನಸ್ಸು ಬಿಚ್ಚುವುದಿಲ್ಲ.

ನೀವು ಎಡವುತ್ತಿದ್ದೀರೋ ಎಂದು ಕೇಳಿದಿರಿ. ನೇರ ಮೇಲ್ವಿಚಾರಕರ ನಡೆ ಎಷ್ಟು ದೊಡ್ಡದು ಎಂಬುದಕ್ಕೆ ಅದೇ ಮೇಯೋ ಕ್ಲಿನಿಕ್‌ನಲ್ಲಿ 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸಾಕ್ಷಿ. ತಮ್ಮ ನೇರ ಮುಖ್ಯಸ್ಥರಿಗೆ ವೈದ್ಯರು ಕೊಟ್ಟ ಅಂಕ ಏರಿದಂತೆ ಅವರಲ್ಲಿ ಬರ್ನ್‌ಔಟ್ ಇಳಿದಿತ್ತು, ತೃಪ್ತಿ ಏರಿತ್ತು. ಆ ಅಂಕಕ್ಕಾಗಿ ಕೇಳಿದ ಪ್ರಶ್ನೆಗಳು ಸರಳ: ನನ್ನ ಅಭಿಪ್ರಾಯ ಕೇಳುತ್ತಾರೆಯೇ, ಏನು ನಡೆಯುತ್ತಿದೆ ಎಂದು ತಿಳಿಸುತ್ತಾರೆಯೇ, ಒಳ್ಳೆಯ ಕೆಲಸವನ್ನು ಗುರುತಿಸುತ್ತಾರೆಯೇ, ನನ್ನ ಬೆಳವಣಿಗೆಯಲ್ಲಿ ಆಸಕ್ತಿ ಇದೆಯೇ ಎಂಬಂಥವು. ಆಸ್ಪತ್ರೆಯ ನೀತಿ ನಿಮ್ಮ ಕೈಯಲ್ಲಿಲ್ಲ. ಇವು ನಿಮ್ಮ ಕೈಯಲ್ಲಿವೆ.

ಹಾಗಾಗಿ ನಲವತ್ತು ಜನರ ಸಭೆ ಕರೆಯಬೇಡಿ. ಮೊದಲು ಅತ್ಯಂತ ಮೌನವಾಗಿರುವ ಇಬ್ಬರನ್ನು, ಬೇರೆ ಬೇರೆಯಾಗಿ, ನಿಮ್ಮ ಕೋಣೆಗೆ ಕರೆಸದೆ, ಅವರು ಕೆಲಸ ಮಾಡುವ ಕಡೆ ಹೋಗಿ ಮಾತಾಡಿಸಿ. ಯಾಕೆ ಹೀಗಿದ್ದೀಯ ಎಂದು ಕೇಳಬೇಡಿ. ಈಚೆಗೆ ನಿನಗೆ ಇದು ನಾನು ಮಾಡಿದ್ದು ಅನ್ನಿಸಿದ ರೋಗಿ ಯಾರು ಎಂದು ಕೇಳಿ. ಆಮೇಲೆ, ಆ ಥರದ ಕೆಲಸಕ್ಕೆ ನಿನಗೆ ದಿನಾ ಅಡ್ಡ ಬರುವುದು ಏನು ಎಂದು ಕೇಳಿ. ಉತ್ತರ ಚಿಕ್ಕದಿರುತ್ತದೆ: ಬಿಪಿ ಮೆಷಿನ್ ವಾರ್ಡಿಗೆ ಒಂದೇ ಇದೆ, ಎರಡು ರಿಜಿಸ್ಟರಿನಲ್ಲಿ ಒಂದೇ ಅಂಕಿ ಬರೆಯಬೇಕು, ಔಷಧಿ ತರಲು ಮೂರು ಸಲ ಮಹಡಿ ಇಳಿಯಬೇಕು. ಅದನ್ನು ಹದಿನೈದು ದಿನದೊಳಗೆ ಸರಿಪಡಿಸಿ. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಅದೇ ಜಾಗಕ್ಕೆ ಹೋಗಿ ಹೇಳಿ. ಮೊದಲ ಸಲ ಇಬ್ಬರೂ ಏನೂ ಹೇಳದೆ ಇರಬಹುದು, ಇಷ್ಟು ವರ್ಷದ ಮೌನ ಒಂದು ಪ್ರಶ್ನೆಗೆ ಕರಗುವುದಿಲ್ಲ. ಮತ್ತೆ ಹೋಗಿ. ಅವರಲ್ಲೊಬ್ಬರು ನಿಮ್ಮ ಹತ್ತಿರ ಜಗಳಕ್ಕೆ ಬಂದ ದಿನ ನನಗೊಂದು ಸಾಲು ಬರೆಯಿರಿ. ಆ ಪತ್ರಕ್ಕಾಗಿ ನಾನು ನಿಜಕ್ಕೂ ಕಾಯುತ್ತಿರುತ್ತೇನೆ.